ಇಬ್ಬರು ಆರೈಕೆದಾರರು, ಒಂದು ನೋಟ್‌ಬುಕ್: ಮನೆ ಆರೈಕೆ ಸೇವೆಗೆ 5ರಲ್ಲಿ 4 ಅಂಕ

ಪಾರ್ಶ್ವವಾಯುವಿನಿಂದ ಅಮ್ಮನ ಬಲಗೈ ಸ್ವಾಧೀನ ತಪ್ಪಿದ ಮೇಲೆ ಮನೆ ಆರೈಕೆ ಸೇವೆಯೊಂದನ್ನು ಗೊತ್ತು ಮಾಡಿಕೊಂಡೆವು. ಬೆಳಗಿನ ಪಾಳಿಯವರು ಚುರುಕು. 10 ನಿಮಿಷದಲ್ಲಿ ಬಟ್ಟೆ ಬದಲಿಸಿ, ತಲೆ ಬಾಚಿ ಮುಗಿಸುತ್ತಿದ್ದರು. ಸಂಜೆಯವರು ಗುಂಡಿಯನ್ನು ಅಮ್ಮನೇ ಹಾಕಿಕೊಳ್ಳಲಿ ಎಂದು ಅರ್ಧ ಗಂಟೆ ಕಾಯುತ್ತಿದ್ದರು. ಅವರ ಕಣ್ಣಿಗೆ ಇವರು ಸೋಮಾರಿ, ಇವರ ಕಣ್ಣಿಗೆ ಅವರು ಒರಟು. ನಡುವೆ ಅಮ್ಮ ಗೊಂದಲಕ್ಕೆ ಬಿದ್ದು ಕೈ ಎತ್ತುವ ಪ್ರಯತ್ನವನ್ನೇ ಬಿಟ್ಟಿದ್ದಳು. ನನಗೆ ನಿಜಕ್ಕೂ ಸಂಕಟವಾಯಿತು.

ಮೇಲ್ವಿಚಾರಕಿ ಬರಲು ಮೂರು ಸಲ ಕರೆ ಮಾಡಬೇಕಾಯಿತು. ಅಂಕ ಕಳೆದದ್ದು ಅದಕ್ಕೇ. ಆದರೆ ಬಂದವರು ಯಾರನ್ನೂ ಗದರಿಸಲಿಲ್ಲ. ಎರಡೂ ಪಾಳಿಗಳನ್ನು ಕುಳಿತು ನೋಡಿದರು, ಅಮ್ಮನನ್ನೇ ಕೇಳಿದರು. ಬದಲಾಗಬಾರದ್ದನ್ನು ಮೊದಲು ಬರೆಸಿದರು: ಬಟ್ಟೆ ತೊಡಿಸುವಾಗ ದುರ್ಬಲ ಕೈ ಮೊದಲು, ಕಳಚುವಾಗ ಕೊನೆಗೆ, ಉಣ್ಣುವಾಗ ನೆಟ್ಟಗೆ ಕೂರಿಸಬೇಕು, ಆ ಕೈ ಹಿಡಿದು ಎಳೆಯಲೇಬಾರದು. ಉಳಿದದ್ದು ಅವರವರ ರೀತಿ. ಗುಂಡಿ ಮಾತ್ರ ತನ್ನದೇ ಕೆಲಸ ಎಂದು ಅಮ್ಮ ತೀರ್ಮಾನಿಸಿದಳು.

ಈಗ ಪಾಳಿ ಬದಲಾಗುವಾಗ 15 ನಿಮಿಷ ಇಬ್ಬರೂ ಒಟ್ಟಿಗಿದ್ದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ನಿನ್ನೆ ಬೆಳಗಿನವರ ಬರಹ: ‘ಮೂರು ಗುಂಡಿ. ನಾನು ಮುಟ್ಟಲಿಲ್ಲ.’