ರಿಪ್‌ಗ್ರೆಪ್ ನಾಲ್ಕು ವರ್ಷ ಬಳಸಿದ ಮೇಲೆ: ಹುಡುಕೋಕೆ ಚುರುಕು, ತಪ್ಪು ತಿಳಿಸೋಕೆ ಮಾತ್ರ ತಡವರಿಕೆ

ಬಾಗಲಕೋಟೆಯ ನವನಗರದಲ್ಲಿ ಮನೆಯಲ್ಲೇ ಕೂತು ಒಂದೆರಡು ಸಕ್ಕರೆ ಕಾರ್ಖಾನೆಗಳ ಕಾಟಾ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಕಾಟಾ ಅಂದರೆ ಕಬ್ಬಿನ ಟ್ರ್ಯಾಕ್ಟರ್ ನಿಲ್ಲಿಸಿ ತೂಕ ಮಾಡುವ ಜಾಗ. ಹಂಗಾಮು ಶುರುವಾದರೆ ಹಗಲು ರಾತ್ರಿ ಚೀಟಿ ಹರಿಯುತ್ತವೆ, ಪ್ರತಿ ಚೀಟಿಯ ವಿವರ ಬರೆದಿಡುವ ಲಾಗ್ ಫೈಲ್‌ಗಳು ಗುಡ್ಡದ ಹಾಗೆ ಬೆಳೆಯುತ್ತವೆ, ಯಾರದ್ದೋ ತೂಕ ತಾಳೆ ಆಗಲಿಲ್ಲ ಅಂತ ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತದೆ. ಆ ಗುಡ್ಡದಲ್ಲಿ ಒಂದೇ ಒಂದು ಸಾಲು ಹುಡುಕಬೇಕು. ಅದಕ್ಕೆ ನಾಲ್ಕು ವರ್ಷದಿಂದ ರಿಪ್‌ಗ್ರೆಪ್ ಅನ್ನೋ, ಫೈಲ್‌ಗಳ ಒಳಗೆ ಪಠ್ಯ ಹುಡುಕುವ ಟೂಲ್ ಬಳಸುತ್ತಿದ್ದೇನೆ.

ವೇಗದ ಬಗ್ಗೆ ಜಾಸ್ತಿ ಬರೆಯಲ್ಲ. 2016ರಲ್ಲಿ ಬಂದ, ರಸ್ಟ್ ಭಾಷೆಯಲ್ಲಿ ಬರೆದ ಟೂಲ್ ಇದು, ವೇಗಕ್ಕೇ ಹೆಸರಾಗಿದೆ. ದುಡ್ಡೂ ಕೊಡಬೇಕಿಲ್ಲ. ನನ್ನ ತಕರಾರು ಬೇರೆ. ನಾವು ತಪ್ಪು ಮಾಡಿದಾಗ ಅದು ಹೇಗೆ ಹೇಳುತ್ತದೆ ಅನ್ನೋದು.

ನಮ್ಮ ಲಾಗ್‌ನಲ್ಲಿ ಪ್ರತಿ ಚೀಟಿಗೂ "ತೂಕ(ಟನ್)" ಅಂತ ಒಂದು ಸಾಲು ಇರುತ್ತದೆ. ಹೊಸದಾಗಿ ಸೇರಿದ ಹುಡುಗ "ತೂಕ(" ಅಂತ ಹುಡುಕಿದ. ಎರರ್ ಬಂತು. ರೆಜೆಕ್ಸ್ (ಕೆಲವು ಚಿಹ್ನೆಗಳಿಗೆ ವಿಶೇಷ ಅರ್ಥ ಇರುವ ಹುಡುಕಾಟದ ಭಾಷೆ) ಪಾರ್ಸ್ ಎರರ್ ಅಂತ ತಲೆಬರಹ, ಕೆಳಗೆ "(?:ತೂಕ()" ಅಂತ ಒಂದು ಸಾಲು, ಅದರ ಮೊಟ್ಟಮೊದಲ ಬ್ರಾಕೆಟ್ ಕೆಳಗೆ ಒಂದು ಬಾಣ, ಕೊನೆಗೆ "ಅನ್‌ಕ್ಲೋಸ್ಡ್ ಗ್ರೂಪ್", ಅಂದರೆ ಗುಂಪಿನ ಬ್ರಾಕೆಟ್ ಮುಚ್ಚಿಲ್ಲ ಅಂತ. ಹುಡುಗ ನನ್ನ ಮುಖ ನೋಡಿದ. "ಅಣ್ಣಾರ, ಆ ಪ್ರಶ್ನೆ ಚಿಹ್ನೆ ನಾ ಹೊಡದೇ ಇಲ್ರೀ."

ಹೌದು, ಅವನು ಹೊಡೆದೇ ಇಲ್ಲ. ನನ್ನ ಹತ್ತಿರ ಇರುವುದು 14ನೇ ಆವೃತ್ತಿ. ಅದು ನಾವು ಹುಡುಕೋಕೆ ಕೊಟ್ಟ ಪಠ್ಯದ (ಪ್ಯಾಟರ್ನ್) ಸುತ್ತ ತನ್ನದೇ ಒಂದು "(?:" ಮತ್ತು ")" ಕಟ್ಟಿಕೊಂಡು ಆಮೇಲೆ ಓದುತ್ತದೆ. ಅದರ ಕೊನೆಯ ")" ಹೋಗಿ ನಮ್ಮ ಹುಡುಗನ ಬ್ರಾಕೆಟ್ ಅನ್ನು ಮುಚ್ಚಿಬಿಟ್ಟಿತು. ಹಾಗಾಗಿ ಮುಚ್ಚದೆ ಉಳಿದದ್ದು ಅದರದೇ ಬ್ರಾಕೆಟ್. ಬಾಣ ಅದನ್ನೇ ತೋರಿಸುತ್ತದೆ. ತಪ್ಪು ನಮ್ಮದು, ಬೆರಳು ತೋರಿಸಿದ್ದು ತನ್ನ ಕಡೆಗೇ! ಲೆಕ್ಕದ ಪ್ರಕಾರ ಸುಳ್ಳಲ್ಲ, ಆದರೆ ಓದುವವನಿಗೆ ಏನು ಉಪಯೋಗ? ನಾನು ಟೈಪ್ ಮಾಡಿದ್ದನ್ನೇ ತೋರಿಸಿ, "ಬ್ರಾಕೆಟ್ ಅನ್ನು ಅಕ್ಷರವಾಗಿಯೇ ಹುಡುಕಬೇಕಾದರೆ ಹೈಫನ್ ದೊಡ್ಡ ಎಫ್ (-F) ಹಾಕಿ" ಅಂತ ಒಂದು ಸಾಲು ಸೇರಿಸಿದ್ದರೆ ಕೆಲಸ ಮುಗಿದಿತ್ತು.

ಇದರಲ್ಲಿ ಹುಡುಗನ ತಪ್ಪೂ ಅಷ್ಟಾಗಿ ಇಲ್ಲ. ಅವನು ಕಾಲೇಜಿನಲ್ಲಿ ಕಲಿತದ್ದು ಗ್ರೆಪ್, ಇದೇ ಕೆಲಸದ ಹಳೆಯ ಟೂಲ್. 1973ರಲ್ಲಿ ಶುರುವಾದ ಆ ಗ್ರೆಪ್‌ಗೆ ಸುಮ್ನೆ ಒಂದು ಬ್ರಾಕೆಟ್ ಕೊಟ್ಟರೆ ಅದು ಬರೀ ಬ್ರಾಕೆಟ್, ಹೈಫನ್ ದೊಡ್ಡ ಇ ಹಾಕಿದರೆ ಮಾತ್ರ ಗುಂಪಿನ ಗುರುತು. ರಿಪ್‌ಗ್ರೆಪ್‌ನಲ್ಲಿ ಹೈಫನ್ ದೊಡ್ಡ ಎಫ್ ಹಾಕದಿದ್ದರೆ ಯಾವಾಗಲೂ ಗುಂಪಿನ ಗುರುತೇ.

ಒಳ್ಳೆಯ ಎರರ್ ಬರೆಯೋಕೆ ಇವರಿಗೆ ಬರಲ್ಲ ಅಂತಲೂ ಅಲ್ಲ. ಲುಕ್-ಅಹೆಡ್ (ಮುಂದೆ ಏನಿದೆ ಅಂತ ನೋಡಿ ಹೊಂದಿಸುವ ರೆಜೆಕ್ಸ್ ಗುರುತು) ಬಳಸಿ ನೋಡಿ, "ಇದು ನನ್ನಲ್ಲಿ ಇಲ್ಲ, ಪಿಸಿಆರ್‌ಇ2 ಫ್ಲ್ಯಾಗ್ ಹಾಕಿ ನೋಡಿ" ಅಂತ ಇನ್ನೊಂದು ರೆಜೆಕ್ಸ್ ಎಂಜಿನ್‌ನ ದಾರಿ ತೋರಿಸುತ್ತದೆ. ಹೊಸ ಸಾಲಿನ ಗುರುತು ಹುಡುಕಿದರೆ ಹಲವು ಸಾಲು ಒಟ್ಟಿಗೆ ಹುಡುಕುವ ಮಲ್ಟಿಲೈನ್ ಫ್ಲ್ಯಾಗ್ ಹೆಸರು ಹೇಳುತ್ತದೆ. ಅಪರೂಪದ ತಪ್ಪುಗಳಿಗೆ ಇಷ್ಟು ಅಕ್ಕರೆ, ದಿನಾ ಆಗುವ ಬ್ರಾಕೆಟ್ ತಪ್ಪಿಗೆ ಯಾಕಿಲ್ಲ ಅಲ್ವಾ?

ಇನ್ನೊಂದು ಸಣ್ಣದು. ಪ್ಯಾಟರ್ನ್‌ನಲ್ಲಿ ಕನ್ನಡ ಇದ್ದರೆ ಬಾಣ ಜರುಗುತ್ತದೆ. "ಬಾಗಲಕೋಟೆ" ನಮ್ಮ ಕಣ್ಣಿಗೆ ಐದು ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಎಂಟು. ನನ್ನ ಟರ್ಮಿನಲ್‌ನಲ್ಲಿ ಬಾಣ ತಪ್ಪಿನ ಜಾಗ ದಾಟಿ ಸ್ವಲ್ಪ ಬಲಕ್ಕೆ ಹೋಗಿ ನಿಲ್ಲುತ್ತದೆ. ರೂಢಿ ಆಗಿದೆ ಬಿಡಿ.

ಆದರೆ ಎರರ್ ಕೊಟ್ಟರೂ ಪರವಾಗಿಲ್ಲ ಅನ್ನಿಸುವುದು ಅದು ಬಾಯಿ ಮುಚ್ಚಿಕೊಂಡಾಗ. ಅದೇ ಹುಡುಗ ಎರಡೂ ಬ್ರಾಕೆಟ್ ಸರಿಯಾಗಿ ಹಾಕಿ "ತೂಕ(ಟನ್)" ಅಂತ ಕೊಟ್ಟ. ಎರರ್ ಇಲ್ಲ, ಉತ್ತರವೂ ಇಲ್ಲ. ಯಾಕೆಂದರೆ ಅದು ಬ್ರಾಕೆಟ್ ಬಿಟ್ಟು "ತೂಕಟನ್" ಅಂತ ಹುಡುಕುತ್ತಿತ್ತು.

ನನಗೆ ಮರ್ಯಾದೆ ಹೋದದ್ದು ಇಂಥದ್ದೇ ಮೌನದಿಂದ. ಹೋದ ಹಂಗಾಮಿನಲ್ಲಿ ಒಬ್ಬ ರೈತರ ಚೀಟಿ ನಂಬರ್ ಹುಡುಕಿದೆ, ಏನೂ ಬರಲಿಲ್ಲ. ಕಾರ್ಖಾನೆಗೆ ಫೋನ್ ಮಾಡಿ "ಲಾಗ್‌ನಲ್ಲಿ ಇಲ್ಲ" ಅಂದೆ. ಆ ರೈತರು ಅಲ್ಲೇ ನಿಂತಿದ್ದರು, ಫೋನ್ ಇಸಕೊಂಡು ಅಂದರು: "ಇಲ್ಲಾ ಅಂದ್ರ ಹೆಂಗ್ರೀ ಸರ್, ಚೀಟಿ ನನ್ನ ಕೈಯಾಗ ಐತಲ್ಲ." ಲಾಗ್‌ನಲ್ಲಿ ಇತ್ತು. ನಾನೇ ಯಾವಾಗಲೋ ಲಾಗ್ ಫೋಲ್ಡರ್ ಅನ್ನು ಗಿಟ್‌ಇಗ್ನೋರ್ ಫೈಲಿಗೆ (ಕೋಡ್ ಬದಲಾವಣೆಗಳ ದಾಖಲೆ ಇಡುವ ಗಿಟ್ ಲೆಕ್ಕಕ್ಕೆ ತೆಗೆದುಕೊಳ್ಳಬಾರದ ಫೈಲ್‌ಗಳ ಪಟ್ಟಿ) ಸೇರಿಸಿದ್ದೆ. ರಿಪ್‌ಗ್ರೆಪ್ ಅದನ್ನು ನೋಡಿ ಆ ಫೋಲ್ಡರ್ ಒಳಗೆ ಕಾಲೇ ಇಟ್ಟಿರಲಿಲ್ಲ.

ಒಂದು ಫೈಲನ್ನೂ ತೆರೆಯದಿದ್ದರೆ ಅದು ಎಚ್ಚರಿಸುತ್ತದೆ: ಯಾವ ಫೈಲನ್ನೂ ಹುಡುಕಿಲ್ಲ, ಯಾವುದೋ ಫಿಲ್ಟರ್ ಅಡ್ಡ ಬಂದಿರಬಹುದು, ಯಾಕೆ ಬಿಟ್ಟಿತು ಅಂತ ತಿಳಿಯೋಕೆ ಡೀಬಗ್ ಫ್ಲ್ಯಾಗ್ ಹಾಕಿ ನೋಡಿ ಅಂತ. ಒಳ್ಳೆಯ ಮಾತು. ಆದರೆ ಪಕ್ಕದಲ್ಲಿ ಒಂದು ರೀಡ್‌ಮಿ ಫೈಲ್ ಇದ್ದರೂ ಸಾಕು, ಅದನ್ನು ಹುಡುಕಿದೆನಲ್ಲ ಅಂತ ಸುಮ್ಮನಾಗುತ್ತದೆ. ನನ್ನ ಫೋಲ್ಡರ್‌ನಲ್ಲಿ ಆದದ್ದು ಅದೇ. "ಇಷ್ಟು ಫೈಲ್ ಬಿಟ್ಟಿದ್ದೇನೆ" ಅಂತ ಕೊನೆಗೆ ಒಂದು ಸಾಲು ಹಾಕೋಕೆ ಏನು ಕಷ್ಟವೋ. ಡೀಬಗ್ ಹಾಕಿದರೆ ಗೊತ್ತಾಗುತ್ತದೆ ನಿಜ, ಆದರೆ ಏನೋ ಬಿಟ್ಟುಹೋಗಿದೆ ಅನ್ನೋ ಅನುಮಾನ ಬಂದವನು ತಾನೇ ಡೀಬಗ್ ಹಾಕೋದು?

ಈಗ ಚೀಟಿ ಹುಡುಕುವಾಗ ನಾನು ಹೈಫನ್ ಯು ಮತ್ತು ಹೈಫನ್ ದೊಡ್ಡ ಎಫ್ ಎರಡನ್ನೂ ಸೇರಿಸಿ ಒಂದು ಅಲಿಯಾಸ್ (ಉದ್ದ ಕಮಾಂಡ್‌ಗೆ ಇಟ್ಟ ಚಿಕ್ಕ ಹೆಸರು) ಮಾಡಿಕೊಂಡಿದ್ದೇನೆ. ಮೊದಲನೆಯದು ಇಗ್ನೋರ್ ಫೈಲುಗಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲ್ಲ, ಎರಡನೆಯದು ಬ್ರಾಕೆಟ್ ಅನ್ನು ಬ್ರಾಕೆಟ್ ಅಂತಲೇ ನೋಡುತ್ತದೆ. ಹುಡುಗನ ಲ್ಯಾಪ್‌ಟಾಪ್‌ಗೂ ಹಾಕಿಕೊಟ್ಟೆ. ಅಲಿಯಾಸ್‌ಗೆ ಅವನು ಇಟ್ಟ ಹೆಸರು "ಕಾಟಾ".