ಏಡಿಯ ನೀರಿಗೆ ಅಡುಗೆ ಉಪ್ಪು ಹಾಕಬೇಡಿ, ನಾನು ಹಾಕಿ ಕೆಟ್ಟೆ

ಮನೆಯಲ್ಲಿ ಸನ್ಯಾಸಿ ಏಡಿ, ಅದೇ ಖಾಲಿ ಶಂಖದ ಚಿಪ್ಪಿನೊಳಗೆ ಬದುಕುವ ಹರ್ಮಿಟ್ ಕ್ರ್ಯಾಬ್, ಸಾಕುತ್ತಿದ್ದರೆ ಅಥವಾ ಮಕ್ಕಳ ಹಟಕ್ಕೆ ಸೋತು ಇನ್ನೇನು ತರುವವರಿದ್ದರೆ ಇದನ್ನು ಓದಿ. ನಾವಿರುವುದು ನ್ಯೂಜೆರ್ಸಿಯಲ್ಲಿ. ಹೋದ ಜುಲೈನಲ್ಲಿ ಬೀಚಿಗೆ ಹೋಗಿದ್ದಾಗ ಬೋರ್ಡ್‌ವಾಕ್ ಮೇಲಿನ ಒಂದು ಅಂಗಡಿಯಲ್ಲಿ ಮಗಳು ಹಟ ಹಿಡಿದು ಎರಡು ಏಡಿ ಕೊಡಿಸಿಕೊಂಡಳು. ಬಣ್ಣ ಬಳಿದ ಚಿಪ್ಪು, ಸಣ್ಣ ತಂತಿ ಪಂಜರ, ಒಂದು ಸ್ಪಂಜು. "ಸ್ಪಂಜು ಒದ್ದೆ ಮಾಡಿಡಿ, ಆಗಾಗ ಚಿಟಿಕೆ ಉಪ್ಪು ಹಾಕಿ, ಅಷ್ಟೇ" ಅಂದ ಅಂಗಡಿಯವನು. ನಾನೂ ನಂಬಿದೆ.

ಆಮೇಲೆ ಓದಿದಾಗ ಗೊತ್ತಾಯಿತು, ಇದಕ್ಕೆ ಎರಡು ಬಟ್ಟಲು ಬೇಕಂತೆ. ಒಂದರಲ್ಲಿ ಸಿಹಿನೀರು, ಇನ್ನೊಂದರಲ್ಲಿ ಸಮುದ್ರದಂಥ ನೀರು. ನೆಲದ ಮೇಲೆ ಬದುಕಿದರೂ ಇದು ಉಸಿರಾಡುವುದು ಕಿವಿರಿನಿಂದಲೇ. ಚಿಪ್ಪಿನೊಳಗೆ ಸ್ವಲ್ಪ ನೀರು ತುಂಬಿಕೊಂಡೇ ಓಡಾಡುತ್ತದೆ, ಎರಡೂ ಬಟ್ಟಲಿನ ನೀರನ್ನು ತನಗೆ ಬೇಕಾದ ಹಾಗೆ ಬೆರೆಸಿಕೊಳ್ಳುತ್ತದೆ.

ಉಪ್ಪು ನೀರು ತಾನೇ, ಅದರಲ್ಲೇನಿದೆ ಅಂತ ಅಡುಗೆಮನೆಯ ಅಯೋಡಿನ್ ಉಪ್ಪನ್ನು ಒಂದು ಚಮಚ ನಲ್ಲಿ ನೀರಿಗೆ ಹಾಕಿ ಕಲಕಿಟ್ಟೆ. ಏಡಿಗಳು ಹತ್ತಿರ ಸುಳಿಯಲಿಲ್ಲ. ಅಡುಗೆ ಉಪ್ಪಿಗೆ ಗಂಟು ಕಟ್ಟದಿರಲು ಬೇರೆ ಪುಡಿ ಬೆರೆಸುತ್ತಾರೆ, ಅದು ಬೇಡ ಅಂತ ಒಬ್ಬ ಗೆಳೆಯ ಎಚ್ಚರಿಸಿದ. ಆಗ ನನ್ನ ಬುದ್ಧಿವಂತಿಕೆ ನೋಡಿ, ಊರಿಂದ ತಂದಿದ್ದ ಕಲ್ಲುಪ್ಪು ನೆನಪಾಯಿತು. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಆಗರದ ಉಪ್ಪು. ಸಮುದ್ರದ ನೀರನ್ನೇ ಬಿಸಿಲಿಗೆ ಒಣಗಿಸಿ ಮಾಡಿದ್ದು, ಅದನ್ನೇ ಮತ್ತೆ ನೀರಿಗೆ ಹಾಕಿದರೆ ಸಮುದ್ರವೇ ಆಗಬೇಕಲ್ವಾ? ಕರಗಿಸಿ, ಬೆರಳದ್ದಿ ನಾಲಿಗೆಗೆ ಇಟ್ಟು ನೋಡಿ, ಥೇಟ್ ಗೋಕರ್ಣ ಅಂತ ತೀರ್ಮಾನಿಸಿಬಿಟ್ಟೆ. ಸಾರಿಗೆ ಉಪ್ಪು ನೋಡಿದ ಹಾಗೆ!

ಆಗುವುದಿಲ್ಲ. ಸಮುದ್ರದ ನೀರಿನಲ್ಲಿ ಕರಗಿರುವ ಲವಣಗಳಲ್ಲಿ ಸೋಡಿಯಂ, ಕ್ಲೋರೈಡ್ ಎರಡೂ ಸೇರಿ ನೂರಕ್ಕೆ ಸುಮಾರು 85 ಪಾಲು. ಉಳಿದ 15ರಲ್ಲಿ ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲಾ ಇವೆ. ಆಗರದಲ್ಲಿ ನೀರು ಆರುತ್ತಾ ಬಂದಾಗ ಹರಳುಗಟ್ಟುವುದು ಹೆಚ್ಚಾಗಿ ಸೋಡಿಯಂ ಕ್ಲೋರೈಡ್. ಮೆಗ್ನೀಸಿಯಂ ಬಹುಪಾಲು ಕೊನೆಗೆ ಉಳಿಯುವ ಕಹಿ ನೀರಿನಲ್ಲೇ ಇರುತ್ತದೆ. ಅಂದರೆ ನಮ್ಮ ಊಟಕ್ಕೆ ಬರುವ ಉಪ್ಪು ಸಮುದ್ರದ ಒಂದು ಭಾಗ, ಪೂರ್ತಿ ಸಮುದ್ರ ಅಲ್ಲ. ಇದು ನನಗೆ ಹೊಳೆದದ್ದು ಬಹಳ ತಡವಾಗಿ.

ಎರಡನೇ ವಾರ ಸಣ್ಣ ಏಡಿ ಮಂಕಾಯಿತು. ಮುಟ್ಟಿದರೂ ಚಿಪ್ಪಿನೊಳಗೆ ಸರಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಪಂಜರದಲ್ಲಿ ಕಾಲೊಂದು ಉದುರಿ ಬಿದ್ದಿತ್ತು, ಮಾರನೇ ದಿನ ಇನ್ನೊಂದು. ನಾಲ್ಕು ದಿನದ ಮೇಲೆ ಕೊಳೆತ ಮೀನಿನ ವಾಸನೆ. ಮಗಳಿಗೆ ಹೇಳುವ ಕೆಲಸ ಹೆಂಡತಿ ಮಾಡಿದಳು, ನನಗೆ ಆಗಲಿಲ್ಲ. ಉಪ್ಪಿನಿಂದಲೇ ಸತ್ತಿತು ಅಂತ ಆಣೆ ಮಾಡಲಾರೆ. ತಂತಿ ಪಂಜರದಲ್ಲಿ ತೇವ ನಿಲ್ಲುವುದೇ ಇಲ್ಲ, ಇದಕ್ಕೆ ಗಾಳಿಯಲ್ಲಿ ಶೇಕಡಾ 80ರಷ್ಟಾದರೂ ತೇವ ಬೇಕು, ಒಣಗಿದರೆ ಕಿವಿರು ಕೆಲಸ ಮಾಡದೆ ಉಸಿರು ಕಟ್ಟುತ್ತದೆ. ಎಲ್ಲಾ ತಪ್ಪೂ ಒಟ್ಟಿಗೇ ಮಾಡಿದ್ದೆ.

ಈಗ ಮಾಡುತ್ತಿರುವುದು ಹೀಗೆ. ಮೊದಲು ನೀರು. ಅಮೆರಿಕದ ಸುಮಾರು ಊರುಗಳಲ್ಲಿ ನಲ್ಲಿ ನೀರಿಗೆ ಕ್ಲೋರಿನ್ ಬದಲು ಕ್ಲೋರಮೈನ್ ಹಾಕುತ್ತಾರೆ. ಕ್ಲೋರಿನ್ ಆದರೆ ಒಂದು ದಿನ ತೆರೆದಿಟ್ಟರೆ ಹಾರಿಹೋಗುತ್ತದೆ, ಕ್ಲೋರಮೈನ್ ಸುಮ್ನೆ ಇಟ್ಟರೆ ಹೋಗುವುದಿಲ್ಲ. ಇವನ್ನು ತೆಗೆಯಲು ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ವಾಟರ್ ಕಂಡಿಷನರ್ ತನ್ನಿ, ಬಾಟಲಿ ಮೇಲೆ ಕ್ಲೋರಮೈನ್ ಹೆಸರು ಇರಲೇಬೇಕು. ಸಿಹಿನೀರಿನ ಬಟ್ಟಲಿಗೂ ಇದೇ ನೀರು.

ಆಮೇಲೆ ಉಪ್ಪು. ಸಮುದ್ರದ ಮೀನು, ಹವಳ ಸಾಕುವವರು ಬಳಸುವ ಮೆರೀನ್ ಸಾಲ್ಟ್ ಮಿಕ್ಸ್ ಮಾತ್ರ. ಅದೇ ಕಪಾಟಿನಲ್ಲಿ ಬರೀ ಅಕ್ವೇರಿಯಂ ಸಾಲ್ಟ್ ಅಂತ ಇನ್ನೊಂದು ಡಬ್ಬ ಇರುತ್ತದೆ, ಅದು ಸಿಹಿನೀರಿನ ಮೀನಿಗೆ, ಅದರಲ್ಲಿರುವುದು ಸೋಡಿಯಂ ಕ್ಲೋರೈಡ್ ಅಷ್ಟೇ. ನಾನು ಇನ್ನೇನು ಅದನ್ನೇ ಎತ್ತಿಕೊಂಡಿದ್ದೆ.

ಒಂದು ಲೀಟರಿಗೆ ಸುಮಾರು 35ರಿಂದ 38 ಗ್ರಾಂ, ತೂಕ ಮಾಡಿಯೇ ಹಾಕಿ. ಚಮಚದ ಲೆಕ್ಕ ಬೇಡ. ಚೆನ್ನಾಗಿ ಕಲಕಿ ರಾತ್ರಿಯೆಲ್ಲಾ ಬಿಟ್ಟು, ಬೆಳಿಗ್ಗೆ ಇನ್ನೊಮ್ಮೆ ಕಲಕಿ ನೋಡಿ, ತಳದಲ್ಲಿ ಕಾಳು ಉಳಿದಿರಬಾರದು. ನೀರಿನ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಇದ್ದರೆ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು ತೋರಿಸಬೇಕು. ಬಟ್ಟಲಲ್ಲಿ ನೀರು ಆವಿಯಾಗಿ ಕಡಿಮೆಯಾದರೆ ಮತ್ತೆ ಉಪ್ಪು ನೀರು ಸುರಿಯಬೇಡಿ, ಉಪ್ಪು ಅಲ್ಲೇ ಉಳಿದಿರುತ್ತದೆ, ಆವಿಯಾಗಿದ್ದು ನೀರು ಮಾತ್ರ. ಕಂಡಿಷನರ್ ಹಾಕಿದ ಸಿಹಿನೀರು ಸೇರಿಸಿ. ಎರಡು ಮೂರು ದಿನಕ್ಕೊಮ್ಮೆ ಪೂರ್ತಿ ಬದಲಿಸಿ. ಏಡಿ ಮುಳುಗುವಷ್ಟು ಆಳ ಇರಲಿ, ಹತ್ತಿ ಬರಲು ಬಲೆಯೋ ಕಲ್ಲೋ ಇರಲಿ. ಸ್ಪಂಜು ಎಸೆದೆ.

ದೊಡ್ಡ ಏಡಿಗೆ ಈಗ ಮುಚ್ಚಳವಿರುವ ಗಾಜಿನ ಟ್ಯಾಂಕ್. ಮೊದಲ ರಾತ್ರಿಯೇ ಉಪ್ಪು ನೀರಿನೊಳಗೆ ಚಿಪ್ಪು ಸಮೇತ ಇಳಿದು ಅರ್ಧ ಗಂಟೆ ಕೂತಿತ್ತು. ಆಮೇಲೊಂದು ದಿನ ಮರಳಿನೊಳಗೆ ಹೂತುಕೊಂಡಿತು, ಐದು ವಾರವಾಯಿತು. ಪೊರೆ ಬಿಡುತ್ತಿರಬೇಕು. ಅಗೆದು ನೋಡೋಣ ಅಂತ ಮಗಳು ದಿನಾ ಕೇಳುತ್ತಾಳೆ. ಪೊರೆ ಬಿಡುವಾಗ ಮೈ ಮೆತ್ತಗಿರುತ್ತದೆ, ಕೆದಕಿದರೆ ಸಾಯಬಹುದು, ಹಾಗಾಗಿ ಬೇಡ ಅನ್ನುತ್ತೇನೆ. ಮೇಲೆ ಇಳಿಯುವವರು ಯಾರೂ ಇಲ್ಲದಿದ್ದರೂ ಎರಡೂ ಬಟ್ಟಲಿನ ನೀರು ಬದಲಿಸುತ್ತಾ ಇದ್ದೇನೆ.