110 ರೂಪಾಯಿಯ ಲೆಕ್ಕದ ಪುಸ್ತಕ: ಎರಡೂವರೆ ವರ್ಷ ಬರೆದ ಮೇಲೆ

2023ರ ಜೂನ್‌ನಲ್ಲಿ ಮಕ್ಕಳ ನೋಟ್‌ಬುಕ್ ತರಲು ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಗೆ ಹೋಗಿದ್ದೆ. ಅದರ ಜೊತೆಗೆ ಇದನ್ನೂ ತೆಗೆದುಕೊಂಡೆ. ಉದ್ದನೆಯ ಲೆಕ್ಕದ ಪುಸ್ತಕ, 200 ಪುಟ, ಕೆಂಪು ರಟ್ಟು, ಬೆನ್ನಿಗೆ ಕಪ್ಪು ಬಟ್ಟೆ. ಆಗ ಬೆಲೆ 110 ರೂಪಾಯಿ. ಕಂಪನಿಯ ಹೆಸರು ಎಲ್ಲೂ ಇಲ್ಲ. ರಟ್ಟಿನ ಮೇಲೆ ಮಲಯಾಳದಲ್ಲಿ ‘ವರವ್, ಚೆಲವ್’ (ಆದಾಯ, ಖರ್ಚು) ಎಂದು ಅಚ್ಚಾಗಿದೆ, ಅಷ್ಟೇ. ಒಳಗೆ ಮಗಳು ಸ್ಕೆಚ್ ಪೆನ್ನಿನಲ್ಲಿ ‘ಬಂದದ್ದು’, ‘ಹೋದದ್ದು’, ‘ಬಾಕಿ’ ಎಂದು ಕನ್ನಡದಲ್ಲಿ ಬರೆದುಕೊಟ್ಟಳು.

ಈಗ ಪುಸ್ತಕ ಮುಗಿದಿದೆ. ಸಾಲ ಹೇಗೆ ಇಳಿಸಿದಿರಿ ಎಂದು ಮೆಡಿಕಲ್‌ನಲ್ಲಿ ಜೊತೆಗೆ ಕೆಲಸ ಮಾಡುವವರು ಕೇಳುತ್ತಾರೆ. ಅವರಿಗೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಪುಟದಲ್ಲಿ ಬರೆದದ್ದು ಖರ್ಚು ಅಲ್ಲ, ಸಾಲ. ಮಾವನ ಆಸ್ಪತ್ರೆ ಖರ್ಚಿಗೆಂದು ಅಡವಿಟ್ಟ ಚಿನ್ನ ಆರು ಪವನ್ (ಒಂದು ಪವನ್ ಎಂದರೆ ಎಂಟು ಗ್ರಾಂ), ಅದರ ಮೇಲೆ 1,60,000. ಕ್ರೆಡಿಟ್ ಕಾರ್ಡ್ 68,000. ಓಣಂ ಆಫರಿನಲ್ಲಿ ತಂದ ಫ್ರಿಜ್ ಮತ್ತು ಇವರ (ನನ್ನ ಗಂಡನ) ಫೋನಿನ ಕಂತು ಸೇರಿ 31,000. ಅಂಗಡಿಯ ಕಡ 9,400. ಕುಟುಂಬಶ್ರೀ (ಕೇರಳದ ಹೆಂಗಸರ ಸ್ವಸಹಾಯ ಸಂಘ) ಕೂಟದ ಸಾಲ 40,000. ಅತ್ತಿಗೆ ಕೊಟ್ಟ ಕೈಸಾಲ 50,000. ಕೂಡಿಸಿದರೆ 3,58,400. ಅಲ್ಲಿಯವರೆಗೆ ಇವನ್ನು ಒಂದೇ ಕಾಗದದ ಮೇಲೆ ನಾವು ಬರೆದಿರಲೇ ಇಲ್ಲ. ‘ಸ್ವಲ್ಪ ಸಾಲ ಉಂಟು’ ಎಂದು ಹೇಳುತ್ತಾ ಬಂದಿದ್ದೆವು. ನನ್ನ ಸಂಬಳ 14,500. ಇವರು ಆಟೋ ಓಡಿಸುತ್ತಾರೆ, ಒಳ್ಳೆಯ ತಿಂಗಳಲ್ಲಿ 18,000 ಕೈಗೆ ಸಿಗುತ್ತದೆ. ಆ ರಾತ್ರಿ ಮೊತ್ತ ನೋಡಿ ಇಬ್ಬರೂ ಮಾತಾಡಲಿಲ್ಲ.

ಪುಸ್ತಕ ಹಿಡಿಯುವ ಕ್ರಮ ಹೇಳಿಕೊಟ್ಟದ್ದು ನಮ್ಮ ಕೂಟದ ಸೆಕ್ರೆಟರಿ ಅಕ್ಕ. ಕುಟುಂಬಶ್ರೀ 1998ರಲ್ಲಿ ಶುರುವಾದದ್ದು. ವಾರಕ್ಕೊಮ್ಮೆ ನೆರೆಕರೆಯ ಹೆಂಗಸರು ಒಂದು ಮನೆಯಲ್ಲಿ ಕೂರುತ್ತೇವೆ, ಉಳಿತಾಯದ ದುಡ್ಡು ಕೊಡುತ್ತೇವೆ, ಸಾಲ ಬೇಕಾದವರು ಕೇಳುತ್ತಾರೆ. ಆ ಅಕ್ಕ ನೋಟನ್ನು ಕೈಯಲ್ಲಿ ಹಿಡಿದುಕೊಂಡೇ ಮೊದಲು ಪುಸ್ತಕದಲ್ಲಿ ಬರೆಯುತ್ತಾರೆ, ಆಮೇಲೆ ದುಡ್ಡು ಪೆಟ್ಟಿಗೆಗೆ ಹಾಕುತ್ತಾರೆ. ‘ಮನೆಯಲ್ಲಿಯೂ ಹೀಗೇ ಮಾಡು ಮಾರಾಯ್ತಿ, ಬರೆದು ಕೊಡು. ಕೊಟ್ಟು ಬರೆಯಲು ಹೋದರೆ ಅರ್ಧ ಮರೆತುಹೋಗ್ತದೆ’ ಎಂದರು.

ಈ ಒಂದು ಮಾತು ನಮ್ಮ ಮನೆಯನ್ನು ಬದಲಾಯಿಸಿತು. ಪುಸ್ತಕವನ್ನು ಬಸ್ಸಿಗೆ ಹೊತ್ತುಕೊಂಡು ಹೋಗಲು ಆಗುವುದಿಲ್ಲ, ಅಷ್ಟು ಉದ್ದ. ಹಾಗಾಗಿ ಬೆಳಿಗ್ಗೆ ಚಹಾ ಕುಡಿಯುವಾಗ ಆ ದಿನ ಏನೇನು ಕೊಡಲಿಕ್ಕಿದೆ ಎಂದು ಪೆನ್ಸಿಲಿನಲ್ಲಿ ಬರೆಯುತ್ತೇನೆ. ಬಸ್ಸು, ಮೀನು, ಹಾಲು, ಮಗನ ಟ್ಯೂಷನ್. ರಾತ್ರಿ ನಿಜವಾಗಿ ಹೋದದ್ದನ್ನು ಪೆನ್ನಿನಲ್ಲಿ ಬರೆಯುತ್ತೇನೆ. ಪೆನ್ಸಿಲಿನಲ್ಲಿ ಇಲ್ಲದ್ದು ಪೆನ್ನಿನಲ್ಲಿ ಬಂದರೆ ಅದಕ್ಕೊಂದು ಸುತ್ತು ಹಾಕುತ್ತೇನೆ. ಮೊದಲ ತಿಂಗಳಲ್ಲಿ ಎಷ್ಟು ಸುತ್ತು ಗೊತ್ತಾ? ಎಣಿಸಿದೆ, 61.

ಹೆಚ್ಚಿನ ಸುತ್ತು ಬೇಕರಿಯದ್ದು. ಸಂಜೆ ಕಾಸರಗೋಡು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವಾಗ ಒಂದು ಲೈಮ್ ಜ್ಯೂಸ್, ಮಕ್ಕಳಿಗೆಂದು ನಾಲ್ಕು ಪಫ್ಸ್. ಭಾನುವಾರ ಅಲ್‌ಫಾಮ್ (ಕೆಂಡದಲ್ಲಿ ಸುಟ್ಟ ಕೋಳಿ) ಪಾರ್ಸೆಲ್. ಒಂದೊಂದಾಗಿ ನೋಡಿದರೆ ಯಾವುದೂ ದೊಡ್ಡದಲ್ಲ. ಕೂಡಿಸಿದರೆ ಆ ತಿಂಗಳಲ್ಲಿ 2,640 ಆಗಿತ್ತು. ಎಲ್ಲವೂ ಫೋನಿನಲ್ಲಿ ಸ್ಕ್ಯಾನ್ ಮಾಡಿ ಕೊಟ್ಟ ದುಡ್ಡು. ನೋಟು ಕೊಡುವಾಗ ಪರ್ಸ್ ತೆಳ್ಳಗಾಗುವುದು ಕಾಣುತ್ತದೆ, ಕ್ಯೂಆರ್‌ನಲ್ಲಿ ಕಾಣುವುದಿಲ್ಲ ಅಲ್ವಾ. ಈಗ ಭಾನುವಾರದ ಪಾರ್ಸೆಲ್ ತಿಂಗಳಿಗೊಮ್ಮೆ. ಅದನ್ನು ತಿಂಗಳ ಮೊದಲೇ ಪೆನ್ಸಿಲಿನಲ್ಲಿ ಬರೆದಿಡುತ್ತೇವೆ, ಮಕ್ಕಳೇ ತಾರೀಕು ಆರಿಸುತ್ತಾರೆ.

ಇನ್ನೊಂದು ವಿಷಯ ತಿಳಿದದ್ದು ಮೀನಿನಿಂದ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ, 52 ದಿನ, ಟ್ರಾಲಿಂಗ್ ಬೋಟುಗಳಿಗೆ ನಿಷೇಧ. ಆ ದಿನಗಳಲ್ಲಿ ಬೂತಾಯಿಗೂ ಬಂಗುಡೆಗೂ ಕೈ ಹಾಕಲಾಗದಷ್ಟು ಬೆಲೆ. ಪ್ರತಿ ವರ್ಷ ಹಾಗೇ ಆಗುತ್ತದೆ, ಪ್ರತಿ ವರ್ಷ ನಾವು ಹಾಗೇ ಕೊಳ್ಳುತ್ತಿದ್ದೆವು. ಎರಡನೇ ವರ್ಷ ಪುಸ್ತಕದಲ್ಲಿ ಹಿಂದಿನ ಜುಲೈ ಪುಟ ತೆಗೆದು ನೋಡಿ ಮೇ ತಿಂಗಳಲ್ಲೇ ಒಣಮೀನು ತಂದು ಡಬ್ಬಿಯಲ್ಲಿಟ್ಟೆ. ಹಲಸಿನ ಬೀಜ, ತಜಂಕು ಸೊಪ್ಪು, ಕೆಸು ಹಿತ್ತಿಲಲ್ಲೇ ಇದ್ದವು. ಆ ಎರಡು ತಿಂಗಳಲ್ಲಿ ಮೀನಿನ ಲೆಕ್ಕ ಅರ್ಧಕ್ಕಿಳಿಯಿತು. ಸಾಮಾನನ್ನೂ ಸರ್ಕಾರದ ಮಾವೇಲಿ ಸ್ಟೋರಿಗೆ ಬದಲಾಯಿಸಿದೆ. ರೇಷನ್ ಕಾರ್ಡ್ ತೋರಿಸಿದರೆ 13 ಬಗೆಯ ಸಾಮಾನು ಸಬ್ಸಿಡಿ ದರಕ್ಕೆ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವುದೇ. ನಾವು ಕಡ ಸಿಗುತ್ತದೆಂದು ಮನೆ ಹತ್ತಿರದ ಅಂಗಡಿಗೇ ಹೋಗುತ್ತಿದ್ದೆವು. ಕಡ ಇದ್ದ ಅಂಗಡಿಯಲ್ಲಿ ಬೆಲೆ ಕೇಳಲು ಬಾಯಿ ಬರುವುದಿಲ್ಲ. ಅದಕ್ಕೇ ಮೊದಲು ತೀರಿಸಿದ್ದು ಆ 9,400.

ಇನ್ನು ಮುಖ್ಯ ಮಾತು. ಅಡವಿಟ್ಟ ಚಿನ್ನದಲ್ಲಿ ನಾಲ್ಕು ಪವನಿನ ಬಳೆ ನನ್ನ ತವರಿನದ್ದು, ಅಮ್ಮ ತನ್ನ ಕೈಯಿಂದ ತೆಗೆದು ಕೊಟ್ಟದ್ದು. ಎರಡು ಪವನಿನ ಸರ ಇವರು ಹಾಕಿಸಿದ್ದು. ಕೈಯಲ್ಲಿ ನಾಲ್ಕು ಕಾಸು ಉಳಿದರೆ ಮೊದಲು ಬಳೆ ಬಿಡಿಸಬೇಕು ಎಂದೇ ನನ್ನ ಮನಸ್ಸಿನಲ್ಲಿತ್ತು. ಪುಸ್ತಕದ ‘ಬಾಕಿ’ ಕಾಲಮ್ ಬೇರೆಯೇ ಹೇಳಿತು.

ಕಾರ್ಡಿನ 68,000ಕ್ಕೆ ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ. ಅಂದರೆ 2,380. ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 428. ನಾನು ಪ್ರತಿ ತಿಂಗಳು ತಪ್ಪದೆ ‘ಮಿನಿಮಮ್’ ಎಂದು ಬರೆದಷ್ಟು, 3,400 ಕಟ್ಟುತ್ತಿದ್ದೆ. ಅದರಲ್ಲಿ ಅಸಲಿಗೆ ಹೋಗುತ್ತಿದ್ದದ್ದು 592 ರೂಪಾಯಿ. ಈ ಕಳೆಯುವ ಲೆಕ್ಕವನ್ನು ಪುಸ್ತಕದ 11ನೇ ಪುಟದಲ್ಲಿ ಮೂರು ಸಲ ಮಾಡಿದ್ದೇನೆ, ನಂಬಲು ಆಗದೆ. ಮೇಲಿಂದ, ಬಾಕಿ ಇರುವಾಗ ಕಾರ್ಡಿನಲ್ಲಿ ಹೊಸದಾಗಿ ಏನಾದರೂ ಕೊಂಡರೆ ಅದಕ್ಕೆ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ. ಚಿನ್ನದ ಸಾಲಕ್ಕೆ ನಮಗಿದ್ದದ್ದು ವರ್ಷಕ್ಕೆ 12. ಕಾರ್ಡಿಗೆ ವರ್ಷಕ್ಕೆ 42. ಬಳೆಯ ಆಸೆಯಲ್ಲಿ ಮೊದಲು ಚಿನ್ನಕ್ಕೆ ದುಡ್ಡು ಹಾಕಿದ್ದರೆ ಕಾರ್ಡು ನಮ್ಮನ್ನು ತಿನ್ನುತ್ತಲೇ ಇರುತ್ತಿತ್ತು.

ಬ್ಯಾಂಕಿಗೆ ಫೋನ್ ಮಾಡಿ ಬಾಕಿಯನ್ನು ಕಂತಿಗೆ ಬದಲಾಯಿಸಲು ಕೇಳಿದೆ. ವರ್ಷಕ್ಕೆ 16ರ ಬಡ್ಡಿಯಲ್ಲಿ 18 ತಿಂಗಳು ಕೊಟ್ಟರು. ಕಂತು ಸುಮಾರು 4,300. ಕಟ್ಟುತ್ತಿದ್ದದ್ದಕ್ಕಿಂತ ಬರೀ 900 ಜಾಸ್ತಿ, ಆದರೆ ಇದಕ್ಕೆ ಒಂದು ಕೊನೆಯ ತಾರೀಕು ಇತ್ತು. ಆ 900 ಬೇಕರಿಯ ಸುತ್ತುಗಳಿಂದ ಬಂತು. ಕಾರ್ಡನ್ನು ಕತ್ತರಿಸಿ ಅದೇ 11ನೇ ಪುಟಕ್ಕೆ ಅಂಟಿಸಿದ್ದೇನೆ. ಹೀಗೆ ಕೇಳಬಹುದು ಎಂದು ಗೊತ್ತಿಲ್ಲದೆ ಮಿನಿಮಮ್ ಕಟ್ಟುತ್ತಲೇ ಇರುವವರು ಎಷ್ಟು ಜನ ಇದ್ದಾರೋ. ಓದುವವರಲ್ಲಿ ಯಾರಾದರೂ ಇದ್ದರೆ ದಯವಿಟ್ಟು ನಾಳೆಯೇ ಫೋನ್ ಮಾಡಿ. ಬಡ್ಡಿ ಎಷ್ಟು, ಬೇರೆ ಚಾರ್ಜ್ ಎಷ್ಟು ಎಂದು ಕೇಳಿ ಬರೆದುಕೊಂಡ ಮೇಲೆ ಒಪ್ಪಿಕೊಳ್ಳಿ.

ಚಿನ್ನಕ್ಕೆ ತಿಂಗಳ ಬಡ್ಡಿ ಒಂದೂ ತಪ್ಪಿಸಲಿಲ್ಲ. ತಿಂಗಳು ತಿಂಗಳು ಕಟ್ಟಿದರೆ ಒಂದು ದರ, ಬಿಟ್ಟರೆ ಹೆಚ್ಚಿನ ದರ, ನಮ್ಮ ರಶೀದಿಯ ಹಿಂದೆ ಚಿಕ್ಕ ಅಕ್ಷರದಲ್ಲಿ ಅದೇ ಇತ್ತು. 2024ರ ಮಾರ್ಚ್ ಕೊನೆಗೆ ಪವನಿಗೆ 50,000 ದಾಟಿತಲ್ಲ, ಆಗ ಅಡವಿಟ್ಟ ಕಡೆಯಿಂದ ಫೋನ್ ಬಂತು. ‘ಚೇಚಿ, ಬೆಲೆ ಏರಿದೆ, ಅದೇ ಚಿನ್ನಕ್ಕೆ ಇನ್ನೂ ದುಡ್ಡು ಸಿಗ್ತದೆ’ ಎಂದರು. ಶಾಲೆ ಶುರುವಾಗುವ ಮುಂಚೆ, ದುಡ್ಡು ಬೇಕಾದ ಸಮಯ. ಮನಸ್ಸು ಓಲಾಡಿತು. ರಾತ್ರಿ ನೋಡಿ ಹೇಳುತ್ತೇನೆ ಎಂದೆ. ರಾತ್ರಿ ಪೆನ್ಸಿಲಿನಲ್ಲಿ ಬಾಕಿಗೆ ಆ ದುಡ್ಡು ಕೂಡಿಸಿ ಬರೆದೆ. ಒಂಬತ್ತು ತಿಂಗಳು ಇಳಿಸಿದ್ದು ಒಂದೇ ಗೆರೆಯಲ್ಲಿ ಮೇಲೇರಿತು. ರಬ್ಬರ್ ಹಾಕಿ ಅಳಿಸಿದೆ. ಆ ಪುಟದಲ್ಲಿ ಅಳಿಸಿದ ಗುರುತು ಇವತ್ತಿಗೂ ಕಾಣುತ್ತದೆ.

ಇವರ ಬಗ್ಗೆಯೂ ಹೇಳಬೇಕು. ಮೊದಲ ವಾರಗಳಲ್ಲಿ ಇವತ್ತು ಎಷ್ಟಾಯಿತು ಎಂದು ಕೇಳಿದರೆ ‘ಆರುನೂರು’ ಎಂಬ ಒಂದೇ ಉತ್ತರ. ನಾನು ಜಗಳ ಮಾಡಲಿಲ್ಲ, ಆರುನೂರು ಎಂದೇ ಬರೆದೆ. ಒಂದು ರಾತ್ರಿ ನಾನು ಜ್ವರದಿಂದ ಬೇಗ ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಅವರ ದೊಡ್ಡ ದೊಡ್ಡ ಅಕ್ಷರ: ‘ಬಾಡಿಗೆ 740. ಪೆಟ್ರೋಲ್ 200. ಚಹಾ 12. ಬನ್ಸ್ 12. ಮಾತ್ರೆ 35.’ ಮಾತ್ರೆ ನನಗೆ ತಂದದ್ದು. ಆಮೇಲೆ ‘ಬಂದದ್ದು’ ಕಾಲಮ್ ಅವರೇ ಬರೆಯುತ್ತಾರೆ. ಆ್ಯಪಿನಲ್ಲಿ ಹೀಗೆ ಎರಡು ಕೈಬರಹ ಸೇರುವುದಿಲ್ಲ.

ಆ್ಯಪ್ ನಾನೂ ನೋಡಿದ್ದೇನೆ. ಪುಸ್ತಕಕ್ಕಿಂತ ಮೊದಲು ಎರಡು ತಿಂಗಳು ಒಂದನ್ನು ಬಳಸಿದೆ. ಫೋನಿಗೆ ಬರುವ ಬ್ಯಾಂಕ್ ಮೆಸೇಜ್ ಓದಿ ಅದೇ ಲೆಕ್ಕ ಹಾಕುತ್ತದೆ. ಆಟೋದ ನಗದು, ಅಂಗಡಿಯ ಕಡ, ಅತ್ತಿಗೆಯ ದುಡ್ಡು ಅದಕ್ಕೆ ಕಾಣುವುದಿಲ್ಲ. ನಮ್ಮ ಸಾಲದ ಒಂದು ಪಾಲು ಇದ್ದದ್ದೇ ಅಲ್ಲಿ. ಮೇಲಿಂದ ಲೆಕ್ಕ ನೋಡಲು ತೆರೆದಾಗಲೆಲ್ಲ ‘ನಿಮಗೆ ಸಾಲ ಮಂಜೂರಾಗಿದೆ’ ಎಂಬ ಜಾಹೀರಾತು. ತೆಗೆದುಹಾಕಿದೆ.

ಈಗ ಪುಸ್ತಕದ ಕೊರತೆಗಳು. ಕಾಲಮ್ ಅಗಲ ಸಾಲದು. ಐದಂಕಿಯ ಮೊತ್ತ ಬರೆದರೆ ಪಕ್ಕದ ಗೆರೆ ದಾಟುತ್ತದೆ, ಆರಂಕಿಯಂತೂ ಬೇಡವೇ ಬೇಡ. ಕಾಗದ ತೆಳು. ಶಾಯಿ ಪೆನ್ನಿನಲ್ಲಿ ಬರೆದರೆ ಹಿಂದಿನ ಪುಟಕ್ಕೆ ಮೂಡುತ್ತದೆ, ಡಾಟ್ ಪೆನ್ನೇ ಬೇಕು. ನೂಲಿನ ಹೊಲಿಗೆ ಮಾತ್ರ ಗಟ್ಟಿ, ಒಂದು ಹಾಳೆಯೂ ಕಿತ್ತು ಬರಲಿಲ್ಲ. ದೊಡ್ಡ ತೊಂದರೆ ನಮ್ಮ ಮಳೆಗಾಲ. ಮೊದಲ ಜುಲೈಯಲ್ಲಿ ಕಪಾಟಿನಲ್ಲಿಟ್ಟಿದ್ದೆ. ಪುಟಗಳು ತೇವ ಎಳೆದು ಉಬ್ಬಿದವು, ರಟ್ಟಿನ ಒಳಗೆ ಬೂಸ್ಟು ಬಂತು. ಆಮೇಲೆ ಅಡುಗೆಮನೆಯಲ್ಲಿ ಒಲೆಯ ಪಕ್ಕ ಅಕ್ಕಿ ಡಬ್ಬಿಯ ಮೇಲೆ ಇಟ್ಟೆ. ಬಿಸಿಗೆ ಒಣಗಿಯೇ ಇರುತ್ತದೆ. ಕೈಗೂ ಸಿಗುತ್ತದೆ, ದಿನಾ ಅನ್ನಕ್ಕೆ ಅಕ್ಕಿ ತೆಗೆಯಬೇಕಾದರೆ ಮೊದಲು ಪುಸ್ತಕ ಎತ್ತಲೇಬೇಕು.

ಐದರಲ್ಲಿ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಕಾಲಮಿಗೆ.

ಕಾರ್ಡು 2025ರ ಜನವರಿಯಲ್ಲಿ ಮುಗಿಯಿತು. ಫ್ರಿಜ್ ಮತ್ತು ಫೋನಿನ ಕಂತು, ಕೂಟದ ಸಾಲ ಅದಕ್ಕಿಂತ ಮೊದಲೇ ಮುಗಿದಿದ್ದವು. ಸರ ಏಪ್ರಿಲ್‌ನಲ್ಲಿ, ವಿಷುವಿನ ಹಿಂದಿನ ದಿನ ಮನೆಗೆ ಬಂತು, ಹಬ್ಬದ ಬೆಳಿಗ್ಗೆ ಎದ್ದು ಮೊದಲು ನೋಡುವ ಕಣಿಗೆ ಇಟ್ಟೆವು. ಬಳೆಗೆ ಇನ್ನು 62,000 ಇದೆ, ಅತ್ತಿಗೆಗೆ 20,000. ಅತ್ತಿಗೆ ಒಂದು ದಿನವೂ ಕೇಳಿದವರಲ್ಲ. ಅದಕ್ಕೇ ಅವರ ಹೆಸರಿನ ಗೆರೆಯನ್ನು ಪ್ರತಿ ತಿಂಗಳು ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ.

ಮೊನ್ನೆ ಅದೇ ಅಂಗಡಿಯಲ್ಲಿ ಹೊಸದು ತಂದೆ. ಈಗ 130 ರೂಪಾಯಿ. ಅದೇ ರಟ್ಟು, ಅದೇ ತೆಳು ಕಾಗದ, ಕಾಲಮ್ ಕೂಡ ಅದೇ. 96 ಪುಟದ್ದು ಕಡಿಮೆಗೆ ಇದೆ ಎಂದರು, ಬೇಡ ಎಂದೆ, ಹಿಂದಿನ ವರ್ಷದ ಪುಟ ಅದೇ ಪುಸ್ತಕದಲ್ಲಿ ಸಿಗಬೇಕು ನನಗೆ. ಮೊದಲ ಪುಟದಲ್ಲಿ ಬಾಕಿ 82,000 ಎಂದು ಬರೆದಿದ್ದೇನೆ. ಐದೇ ಅಂಕಿ, ಸ್ವಲ್ಪ ಒತ್ತಿ ಬರೆದರೆ ಗೆರೆಯೊಳಗೆ ಹಿಡಿಯಿತು. ತಾರೀಕು ಹಾಕಿದ್ದು ಇವರು.